ಜೊತೆಗೆ ಬಂದವಳು

ಮಾರ್ಚ್ ೪, ಸೋಮವಾರ

ಇಂದು ಬೆಳಿಗ್ಗೆ ದೊಡ್ಡಾಸ್ಪತ್ರೆಯ ಹೃದಯ ವಿಭಾಗದವರು, ತಪಾಸಣೆಗೆಂದು ಹೋದ ನನ್ನ ಹೆಂಡತಿಯನ್ನು ಮುಟ್ಟಿಯೂ ನೋಡದೆ, ಅವಳ ಜೊತೆಗೆ ಹೋದ ನನ್ನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ ಮನೆಗೆ ಕಳಿಸಿದ್ದಾರೆ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ನಾನು ಮರೆಯುವವನಲ್ಲ. ಆದರೆ ಮರೆತಂತೆ ನಟಿಸುವವರ ಎದುರು ಬರಹ ಇರಬೇಕು.

ಅವಳಿಗೆ ಕೆಲವು ಕಾಲದಿಂದ ಆಯಾಸ. ಮೆಟ್ಟಿಲು ಹತ್ತಿದರೆ ಏದುಸಿರು, ಬೆನ್ನಿನ ಮೇಲ್ಭಾಗದಲ್ಲಿ ಬಿಗಿತ. ಶಾಲೆಯ ಸಮವಸ್ತ್ರ ಹೊಲಿಯುವವಳು, ದಿನವಿಡೀ ಬಗ್ಗಿ ಕೂರುತ್ತಾಳೆ, ಬೆನ್ನು ನೋಯದೆ ಇನ್ನೇನು ಎಂದು ನಾನೂ ಅಂದುಕೊಂಡಿದ್ದೆ. ಮಗಳು ಬೇರೆ ಊರಿನಿಂದಲೇ ಫೋನಿನಲ್ಲಿ ಪಟ್ಟು ಹಿಡಿದು ಅಮ್ಮನ ಹೆಸರಿನಲ್ಲಿ ದಿನ ಗೊತ್ತು ಮಾಡಿಸಿದಳು. ನನ್ನ ಅತ್ತೆ ಕೂತಲ್ಲೇ ಎದೆ ಹಿಡಿದುಕೊಂಡು ಹೋದವರು. ಹಾಗಾಗಿ ಇದು ಹುಡುಗಾಟದ ಮಾತಲ್ಲ.

ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇದೆ. ತೋರಿಸಿಕೊಳ್ಳುವವರ ಕೈಗೆ ಹಳದಿ ಕಾಗದದ ಪಟ್ಟಿ ಕಟ್ಟುತ್ತಾರೆ, ಜೊತೆಗೆ ಬಂದವರಿಗೆ ಬಿಳಿ. ಹಳದಿಯವರಿಗೆ ಕುರ್ಚಿ. ಬಿಳಿಯವರು ನಿಲ್ಲಬೇಕು. ಕೌಂಟರಿನವನು ತಲೆಯೆತ್ತದೆ "ಯಾರಿಗೆ?" ಎಂದ. ಆ ಹೊತ್ತಿಗೆ ನಾನು ಅವನಿಗೆ ಬೇರೆ ವಿಷಯ ಹೇಳುತ್ತಿದ್ದೆ. ಅವನ ಬೆನ್ನ ಹಿಂದೆಯೇ ನಲ್ಲಿ ಸೋರುತ್ತಿತ್ತು. ಆ ಕಟ್ಟಡಕ್ಕೆ ನೀರಿನ ಕೊಳವೆ ಹಾಕಿಸಿದವನು ನಾನು. ಇಲಾಖೆಯಲ್ಲಿ ಮೇಲ್ವಿಚಾರಕನಾಗಿದ್ದಾಗ ನಿಂತು ಮಾಡಿಸಿದ ಕೆಲಸ. ಉದ್ಘಾಟನೆಯ ದಿನ ಮಂತ್ರಿ ತಿರುಗಿಸಿದ ನಲ್ಲಿಯೂ ಅದೇ ಸಾಲಿನದು. ಇದನ್ನೆಲ್ಲ ಹೇಳುವಾಗ ನನ್ನ ದನಿ ಸ್ವಲ್ಪ ಏರಿರಬಹುದು.

ನರ್ಸ್ ಓಡಿ ಬಂದಳು. "ಅಂಕಲ್, ಕೂತ್ಕೊಳಿ, ಕೂತ್ಕೊಳಿ. ಮುಖ ಹೇಗೆ ಕೆಂಪಾಗಿದೆ ನೋಡಿ." ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ನೋಡಿದವಳ ಹುಬ್ಬು ಮೇಲೆ ಹೋಯಿತು. ನನ್ನ ಹೆಸರು ಕೇಳಿ ಬರೆದುಕೊಂಡು ನನ್ನ ಕೈಗೆ ಹಳದಿ ಕಟ್ಟಿದಳು, ಅವಳ ಕೈಗೆ ಬಿಳಿ.

"ನನಗಲ್ಲಮ್ಮ, ಅವಳಿಗೆ."

"ಗಂಡಸರೆಲ್ಲ ಹೀಗೇ ಅಂತಾರೆ ಅಂಕಲ್. ಹೆದರಿಕೆ ಆದ್ರೆ ಹೆಂಡ್ತೀನ ಮುಂದೆ ತಳ್ತಾರೆ."

ಬೆಂಚಿನಲ್ಲಿದ್ದವರು ನಕ್ಕರು. ನಾನು ಹೆದರುವವನಲ್ಲ ಎಂದು ತೋರಿಸಬೇಕಾಯಿತು. ಇವಳ ಕಡೆ ನೋಡಿದೆ. ಏನೋ ಹೇಳಲು ಹೊರಟವಳು, "ಇರ್ಲಿ ಬಿಡಿ, ನಿಮ್ದೂ ಒಂದ್ಸಲ ಆಗ್ಲಿ" ಎಂದಳು. ಅವಳ ಮುಖದಲ್ಲಿ ಪರೀಕ್ಷೆ ಮುಂದೆ ಹೋದ ಮಕ್ಕಳಲ್ಲಿ ಕಾಣುವ ನಿರಾಳ ಇತ್ತು.

ಆಮೇಲೆ ಒಂದರ ಹಿಂದೊಂದು. ಬರಿಹೊಟ್ಟೆಯಲ್ಲಿ ಬಂದವಳು ಅವಳು, ತಿಂಡಿ ತಿಂದು ಬಂದವನು ನಾನು. ರಕ್ತ ತೆಗೆದದ್ದು ನನ್ನಿಂದ. ಎದೆಗೂದಲು ಅಲ್ಲಲ್ಲಿ ಬೋಳಿಸಿ, ವೈರು ಸಿಕ್ಕಿಸಿದ ಬಿಲ್ಲೆಗಳನ್ನು ಅಂಟಿಸಿ ಇಸಿಜಿ. ಎಡಮಗ್ಗುಲಾಗಿ ಮಲಗಿಸಿ, ತಣ್ಣನೆಯ ಅಂಟು ಬಳಿದು, ಪಕ್ಕೆಲುಬಿನ ಸಂದಿಗೆ ಯಂತ್ರದ ಹಿಡಿಯನ್ನು ಒತ್ತಿ, ಹೃದಯವನ್ನು ಪರದೆಯಲ್ಲಿ ನೋಡುವ ಎಕೋ. ಕವಾಟದಲ್ಲಿ ಸೋರಿಕೆ ಎಂದರೇನೆಂದು ಆ ಯಂತ್ರದವಳಿಗೆ ನಾನೇ ವಿವರಿಸಿದೆ. ಕೊನೆಗೆ ಓಡುವ ಪಟ್ಟಿಯ ಮೇಲೆ ನಡೆಸಿದರು. "ಎದೆ ಬಿಗಿದ್ರೆ, ತಲೆ ತಿರುಗಿದ್ರೆ ತಕ್ಷಣ ಹೇಳಿ" ಎಂದರು. ನನಗೆ ಏನೂ ಬಿಗಿಯಲಿಲ್ಲ. ಅಷ್ಟೂ ಹೊತ್ತು ಅವಳು ನನ್ನ ಅಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದಳು.

ಕನ್ನಡಕದ ಡಾಕ್ಟರು ಕಾಗದ ನೋಡಿ ನಕ್ಕರು. "ಯಂಗ್ ಮ್ಯಾನ್ ಹಾರ್ಟು ನಿಮ್ದು. ಸ್ವಲ್ಪ ಸಿಟ್ಟು ಕಮ್ಮಿ ಮಾಡ್ಕೊಳಿ." ಆಗ ಇವಳು ನಿಂತಲ್ಲಿಂದಲೇ, "ಡಾಕ್ಟ್ರೇ, ನನಗೆ ಬೆನ್ನಲ್ಲಿ..." ಎಂದಳು. ಅವರು ನನ್ನನ್ನೇ ನೋಡಿ, "ಏನು ಕೆಲಸ ಮಾಡ್ತಾರೆ?" ಎಂದರು. ಹೊಲಿಗೆ ಎಂದೆ. "ಮತ್ತೆ? ಬೆನ್ನು ಹಿಡಿದಿರುತ್ತೆ. ಜೊತೆಗೆ ನಿಮ್ಮ ಬಿಪಿ ನೋಡಿ ಟೆನ್ಷನ್ ಮಾಡ್ಕೊಂಡಿದಾರೆ. ಗ್ಯಾಸಿಗೆ ಒಂದು ಮಾತ್ರೆ ಬರೀತೀನಿ, ಕೊಡಿ." ಅವಳಿಗೆ ಹೊಸ ದಿನ ಕೇಳಿದ್ದಕ್ಕೆ ಕೌಂಟರಿನವನು ತಿಂಗಳ ಕೊನೆಗೆ ಬರಲು ಹೇಳಿದ.

ಇದನ್ನು ಬಿಡುವುದಿಲ್ಲ.

ಮಾರ್ಚ್ ೫, ಮಂಗಳವಾರ

ಮಗಳ ಫೋನು. ವಿಷಯವನ್ನು ಕ್ರಮವಾಗಿ, ನಲ್ಲಿಯಿಂದ ಶುರು ಮಾಡಿ ಹೇಳಿದೆ. ಅವಳು ಪೂರ್ತಿ ಕೇಳುವ ತಾಳ್ಮೆ ತೋರಲಿಲ್ಲ.

"ಅಪ್ಪಾ, ಒಂದೇ ಮಾತು ಹೇಳಿ. ಟೆಸ್ಟ್ ಯಾರಿಗಾಯ್ತು?"

"ಅದನ್ನೇ ಹೇಳ್ತಿದೀನಿ. ವ್ಯವಸ್ಥೆ ಎಷ್ಟು ಕೆಟ್ಟಿದೆ ಅಂದ್ರೆ..."

"ನಿಮ್ಮ ಬಾಯಿಗೂ ಒಂದು ಟೆಸ್ಟ್ ಮಾಡಿಸ್ಬೇಕಿತ್ತು. ಅಮ್ಮನಿಗೆ ಫೋನ್ ಕೊಡಿ."

ಅವರಿಬ್ಬರೂ ಬಹಳ ಹೊತ್ತು ಮಾತಾಡಿದರು. ನಾನು ಆಸ್ಪತ್ರೆಯ ಸೂಪರಿಂಟೆಂಡೆಂಟರಿಗೆ ದೂರು ಬರೆದೆ. ಚೆನ್ನಾಗಿ ಬಂದಿದೆ. ಹಿಂದೆ ಸೇತುವೆಯ ಕಟಕಟೆ ಮುರಿದಾಗ ನಗರಸಭೆಗೆ ಬರೆದದ್ದಕ್ಕಿಂತ ಚೆನ್ನಾಗಿದೆ. ನಾಗರಿಕನ ಸಮಯ, ನಾಗರಿಕನ ದೇಹ, ನಾಗರಿಕನ ಮಾನ ಎಂದು ಮೂರು ಭಾಗ ಮಾಡಿದ್ದೇನೆ.

ಮಾರ್ಚ್ ೮, ಶುಕ್ರವಾರ

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿರುತ್ತದೆ, ನಾನು ಒಳಗೆ ಓದುತ್ತಿರುತ್ತೇನೆ. ಇಷ್ಟು ವರ್ಷ ಆ ಸದ್ದು ಇದೆಯೋ ಇಲ್ಲವೋ ಎಂದು ಗಮನಿಸಿದವನಲ್ಲ. ಇಂದು ಅದು ನಡುವೆ ನಿಂತಿತು. ಪುಟ ತಿರುವಿದೆ. ಮತ್ತೆ ಶುರುವಾಗಲಿಲ್ಲ. ಎದ್ದು ಹೋದೆ. ಅವಳು ಯಂತ್ರದ ಹಲಗೆಗೆ ಹಣೆ ಆನಿಸಿ ಕೂತಿದ್ದಳು.

"ಏನಾಯ್ತೇ?"

"ದಾರ ತುಂಡಾಯ್ತು."

ದಾರ ಸೂಜಿಯಲ್ಲಿ ಹಾಗೇ ಇತ್ತು. ಒಳಗೆ ಹೋಗಿ ಸೂಪರಿಂಟೆಂಡೆಂಟರಿಗೆ ಜ್ಞಾಪನ ಪತ್ರ ಬರೆದೆ. ಎರಡು ಸಾಲು ಬರೆಯುವಷ್ಟರಲ್ಲಿ ಯಂತ್ರ ಮತ್ತೆ ಓಡಿತು. ಮುಂದಿನ ಸಾಲು ಏನೆಂದು ನೆನಪಾಗಲಿಲ್ಲ. ಯಂತ್ರ ನಿಧಾನವಾಗಿ ಓಡುತ್ತಿತ್ತು.

ಗ್ಯಾಸಿನ ಮಾತ್ರೆಯನ್ನು ತಪ್ಪದೆ ತಿನ್ನುತ್ತಿದ್ದಾಳೆ. ಅದರಿಂದ ಸ್ವಲ್ಪ ವಾಸಿ ಎನ್ನುತ್ತಾಳೆ. ನನ್ನ ಮುಖ ನೋಡದೆ ಎನ್ನುತ್ತಾಳೆ.

ಮಾರ್ಚ್ ೧೧, ಸೋಮವಾರ

ಅವಳಿಗೆ ಇನ್ನೂ ಬೇಗನೆ ದಿನ ಕೊಡಿಸಲು ಒಬ್ಬನೇ ಆಸ್ಪತ್ರೆಗೆ ಹೋದೆ. ಕೌಂಟರಿನವನು ಗುರುತು ಹಿಡಿದ. "ನಿಮ್ದೆಲ್ಲ ನಾರ್ಮಲ್ ಬಂದಿದೆಯಲ್ಲ ಸಾರ್, ಮತ್ಯಾಕೆ ಬಂದ್ರಿ? ನಲ್ಲಿ ರಿಪೇರಿ ಆಯ್ತು, ನೋಡಿ." ನಿಜ, ನಲ್ಲಿ ರಿಪೇರಿಯಾಗಿತ್ತು. ನನಗೆ ಸಂತೋಷವಾಗಲಿಲ್ಲ.

ಕನ್ನಡಕದ ಡಾಕ್ಟರು ಕಾರಿಡಾರಿನಲ್ಲಿ ಸಿಕ್ಕರು. ಅವಳನ್ನು ಬೇಗ ನೋಡಿ ಎನ್ನುತ್ತ ಬಿಡದೆ ಹಿಂದೆ ನಡೆದೆ. ಕೊನೆಗೆ ನಿಂತು ಕೇಳಿದರು. "ಸರಿ, ಹೇಳಿ. ನೋವು ಕೂತಾಗ ಬರುತ್ತಾ, ಕೆಲಸ ಮಾಡುವಾಗಲಾ? ಎಷ್ಟು ಹೊತ್ತು ಇರುತ್ತೆ? ಎಲ್ಲಿಂದ ಎಲ್ಲಿಗೆ ಹೋಗುತ್ತೆ? ಬೆವರು ಬರುತ್ತಾ?"

ಆ ಕಟ್ಟಡದ ಯಾವ ಗೋಡೆಯಲ್ಲಿ ಯಾವ ಅಳತೆಯ ಕೊಳವೆ ಇದೆ ಎಂದು ಕೇಳಿದ್ದರೆ ಹೇಳುತ್ತಿದ್ದೆ. ಅವರು ಹೊರಟುಹೋದರು. ರೋಗಿಯನ್ನು ಎದುರಿಗೆ ಇಟ್ಟುಕೊಂಡು ಕೇಳಬೇಕಾದ ಪ್ರಶ್ನೆಯನ್ನು ಕಾರಿಡಾರಿನಲ್ಲಿ ನನ್ನನ್ನು ಕೇಳುವುದು ನುಣುಚಿಕೊಳ್ಳುವ ದಾರಿಯಲ್ಲದೆ ಮತ್ತೇನು? ಇದನ್ನೂ ದೂರಿಗೆ ಸೇರಿಸಬೇಕು.

ಸೇರಿಸಲಿಲ್ಲ. ನಾಳೆ.

ಮಾರ್ಚ್ ೧೨, ಮಂಗಳವಾರ

ಅವಳನ್ನು ಕೇಳಿದೆ. ಅವಳು ಗುಂಡಿ ಹಚ್ಚುತ್ತಿದ್ದಳು. "ಯಾಕೀಗ? ಯಾರಾದ್ರೂ ಕೇಳಿದ್ರಾ?" ಎಂದಳು. ನಾನೇ ಕೇಳುತ್ತಿದ್ದೇನೆ ಎಂದೆ. ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟಳು.

ಅವಳು ಹೇಳಿದ್ದು ಇಷ್ಟು. ಕೂತಾಗ ಇಲ್ಲ. ಪೆಡಲು ಜೋರಾಗಿ ತುಳಿದಾಗ, ಬಟ್ಟೆಯ ಗಂಟು ಹೊತ್ತು ಮೆಟ್ಟಿಲು ಹತ್ತುವಾಗ. ಮೊದಲು ಬೆನ್ನಿನ ನಡುವೆ ಯಾರೋ ಮುಷ್ಟಿ ಊರಿದ ಹಾಗೆ. ಅಲ್ಲಿಂದ ದವಡೆಗೆ. "ಐಸು ಕಚ್ಚಿದ್ರೆ ಜುಂ ಅನ್ನುತ್ತಲ್ಲ, ಹಾಗೆ. ಆಮೇಲೆ ಎಡಗೈ ನನ್ನದಲ್ಲ ಅನ್ನಿಸುತ್ತೆ." ಕೂತರೆ ಹೋಗುತ್ತದೆ. ಈಚೆಗೆ ಹೋಗುವುದು ತಡ.

"ಯಾವಾಗಿಂದ?"

"ಹೋದ ವರ್ಷ ಶಾಲೆ ಶುರುವಾಗೋ ಮುಂಚೆ, ಹೊಲಿಗೆ ರಾಶಿ ಬಿದ್ದಿತ್ತಲ್ಲ, ಆವಾಗಿಂದ."

"ಹೇಳ್ಬಾರ್ದಿತ್ತಾ?"

"ಹೇಳಿದ್ದೆ. ನೀವು ರಸ್ತೆ ಗುಂಡಿ ವಿಷಯ ಪೇಪರಲ್ಲಿ ಓದಿ ಹೇಳ್ತಾ ಇದ್ರಿ. ಮುಗೀಲಿ ಅಂತ ಕಾದೆ. ಆಮೇಲೆ ನೋವೂ ಹೋಯ್ತು."

ರಸ್ತೆ ಗುಂಡಿಯ ಸುದ್ದಿ ನನಗೆ ಚೆನ್ನಾಗಿ ನೆನಪಿದೆ. ಯಾವ ವಾರ್ಡು, ಯಾವ ಗುತ್ತಿಗೆದಾರ, ಎಲ್ಲ ನೆನಪಿದೆ. ಅವಳು ಹೇಳಿದ್ದು ನೆನಪಿಲ್ಲ. ಬಹುಶಃ ಮೆಲ್ಲಗೆ ಹೇಳಿರಬೇಕು.

ಬಟ್ಟೆಯ ಗಂಟುಗಳನ್ನು ಇನ್ನು ನಾನೇ ತರುವೆ ಎಂದಿದ್ದೇನೆ. "ಅಳತೆ ತಪ್ಪಿಸಿ ತರ್ತೀರಿ" ಎಂದು ನಕ್ಕಳು.

ಮಾರ್ಚ್ ೧೪, ಗುರುವಾರ

ಗಂಟು ತಂದೆ. ಅಳತೆ ತಪ್ಪಿರಲಿಲ್ಲ. ಬೇರೆ ಆಸ್ಪತ್ರೆಯಲ್ಲಿ ಶನಿವಾರಕ್ಕೆ ದಿನ ಸಿಕ್ಕಿದೆ. ಇನ್ನೆರಡು ದಿನ. ಯಂತ್ರ ತುಳಿಯಬೇಡ ಎಂದೆ. ಕೈಹೊಲಿಗೆ ಮಾಡುತ್ತಿದ್ದಾಳೆ. ಕೈಹೊಲಿಗೆಗೆ ಸದ್ದಿಲ್ಲ. ಹಾಗಾಗಿ ಆಗಾಗ ಎದ್ದು ಹೋಗಿ ನೋಡಬೇಕಾಗುತ್ತದೆ. "ಏನು ರೀ, ಬೆಕ್ಕಿನ ಹಾಗೆ ಓಡಾಡ್ತೀರಾ" ಎನ್ನುತ್ತಾಳೆ.

ಮಾರ್ಚ್ ೧೫, ಶುಕ್ರವಾರ

ನೋವು ಶನಿವಾರದವರೆಗೆ ಕಾಯಲಿಲ್ಲ.

ಬೆಳಿಗ್ಗೆ ಕೆಳಗಿಂದ ಹಾಲು ತರಲು ಹೋದವಳು ಮೆಟ್ಟಿಲಿನ ತಿರುವಿನಲ್ಲಿ ಕಂಬಿ ಹಿಡಿದು ನಿಂತಿದ್ದಳು. ಮೇಲೂ ಬರುತ್ತಿಲ್ಲ, ಕೆಳಗೂ ಇಳಿಯುತ್ತಿಲ್ಲ. ಮುಖ ಬೂದಿಯ ಬಣ್ಣ. ಕತ್ತಿನಿಂದ ಬೆವರು ಇಳಿಯುತ್ತಿತ್ತು. "ಇದು ಹೋಗ್ತಿಲ್ಲ ರೀ" ಎಂದಳು. ಅಷ್ಟೇ ಎಂದದ್ದು.

ಕೆಳಮನೆಯ ಬಡಗಿಯನ್ನು ಕೂಗಿದೆ. ಅವನು ಮರ ಸಾಗಿಸುವ ವ್ಯಾನಿನಲ್ಲಿ ಕೂರಿಸಿಕೊಂಡು ಹತ್ತಿರ ಇದ್ದ ಅದೇ ದೊಡ್ಡಾಸ್ಪತ್ರೆಗೆ ಓಡಿಸಿದ. ದಾರಿಯುದ್ದಕ್ಕೂ ಅವಳ ಕೈ ನನ್ನ ಕೈಯಲ್ಲಿತ್ತು. ತಣ್ಣಗಿತ್ತು. ದಾರಿಯಲ್ಲಿ ಗುಂಡಿಗಳಿದ್ದವು, ವ್ಯಾನು ಹಾರುತ್ತಿತ್ತು. ಬಡಗಿ, "ಅಕ್ಕಾ, ಮಾತಾಡ್ತಾ ಇರಿ, ನನ್ನ ಬೈಯಿರಿ ಬೇಕಾದ್ರೆ" ಎನ್ನುತ್ತಿದ್ದ. ಅವಳು, "ನಿನ್ನ ಅಂಗಿ ತೋಳು ಹರ್ದಿದೆ, ತಂದ್ಕೊಡು" ಎಂದಳು. ಆಮೇಲೆ ನನ್ನ ಹೆಗಲಿಗೆ ತಲೆ ಆನಿಸಿದಳು.

ತುರ್ತು ವಿಭಾಗದಲ್ಲಿ "ಯಾರಿಗೆ?" ಎಂದರು. ಅವಳು "ನನಗೆ" ಎಂದಳು.

ಅಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರು. ನೋವು ಎಲ್ಲಿ, ಎಂದಿನಿಂದ, ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಇಸಿಜಿ ಅಂಟಿಸುತ್ತಲೇ ಕೇಳಿದರು. ನಾನು ಬಾಯಿ ತೆರೆದೆ. "ಅವರೇ ಹೇಳ್ಲಿ" ಎಂದರು. ಅವಳೇ ಹೇಳಿದಳು, ಉಸಿರು ಎಳೆದುಕೊಂಡು, ತನ್ನ ಅಮ್ಮನ ವಿಷಯದವರೆಗೂ. ಯಂತ್ರದಿಂದ ಹೊರಬಂದ ಕಾಗದವನ್ನು ನೋಡಿ ಅವರು ಯಾರನ್ನೋ ಹೆಸರು ಹಿಡಿದು ಕರೆದರು. ಆ ದನಿಯಲ್ಲಿ ನನಗೆ ಎಲ್ಲ ಗೊತ್ತಾಯಿತು.

ಅವಳ ಕನ್ನಡಕ, ತಲೆಪಿನ್ನು, ಬೆರಳಿಗೆ ಹಾಕುವ ಹೊಲಿಗೆ ಟೋಪಿ ನನ್ನ ಜೇಬಿನಲ್ಲಿವೆ. ಬಾಗಿಲಿನ ಹೊರಗೆ ನಿಂತಿದ್ದೇನೆ. ಆಸ್ಪತ್ರೆಯ ಚೀಟಿಯ ಹಿಂಬದಿಯಲ್ಲಿ ಇದನ್ನು ಬರೆಯುತ್ತಿದ್ದೇನೆ.

ಸಂಜೆ

ತೊಡೆಯ ಸಂದಿಯಿಂದ ತಂತಿ ಹಾಕಿ ನೋಡಿದ್ದಾರೆ. ಹೃದಯಕ್ಕೆ ರಕ್ತ ಒಯ್ಯುವ ಒಂದು ನಾಳ ಮುಚ್ಚಿಹೋಗಿತ್ತಂತೆ. ಸ್ಟೆಂಟ್ ಹಾಕಿದ್ದಾರೆ. ಬದುಕಿದ್ದಾಳೆ. ರಾತ್ರಿ ಕಳೆಯಲಿ ಎಂದಿದ್ದಾರೆ. ಮಗಳು ಹೊರಟಿದ್ದಾಳೆ.

ಮಾರ್ಚ್ ೧೬, ಶನಿವಾರ

ಕಳೆಯಿತು.

ಮಾರ್ಚ್ ೧೯, ಮಂಗಳವಾರ

ವಾರ್ಡಿಗೆ ತಂದಿದ್ದಾರೆ. ಇಂದು ಅವಳಿಗೆ ಎಕೋ ಮಾಡಿದರು. ಬಂದು ಮಗಳಿಗೂ ನನಗೂ ಹೇಳಿದಳು. "ಪರದೆ ನನ್ನ ಕಡೆ ತಿರುಗ್ಸಿ ಅಂದೆ. ತಿರುಗ್ಸಿದ್ರು. ಮೀನು ಬಾಯಿ ತೆಗೆದು ಮುಚ್ಚಿದ ಹಾಗೆ ಕಾಣುತ್ತೆ ಕಣೇ. ಒಂದು ಮೂಲೆ ಮಾತ್ರ ಸುಮ್ಮನಿತ್ತು. ಇದ್ಯಾಕೆ ಆಡ್ತಿಲ್ಲ ಅಂದೆ. ಆ ಹುಡುಗಿ, ಡಾಕ್ಟರನ್ನ ಕೇಳಿ ಅಂದ್ಲು."

ಡಾಕ್ಟರು ಆಮೇಲೆ ಹೇಳಿದರು. ಆ ಭಾಗ ಇನ್ನು ಮೊದಲಿನಂತೆ ಮಿಡಿಯುವುದಿಲ್ಲ. ಮಾತ್ರೆ ಜೀವನಪೂರ್ತಿ. ಭಾರ ಎತ್ತುವ ಹಾಗಿಲ್ಲ, ಪೆಡಲು ತುಳಿಯುವುದು ಸದ್ಯಕ್ಕೆ ಬೇಡ. ಮೊದಲೇ ನೋಡಿದ್ದರೆ ಎಂದು ಮಗಳು ಕೇಳಿದಳು. ಚಿಕ್ಕ ಡಾಕ್ಟರು ಸುತ್ತ ನೋಡಿ, "ಮೊದಲೇ ಒಂದು ಇಸಿಜಿ, ಒಂದು ಟ್ರೆಡ್‌ಮಿಲ್ ಆಗಿದ್ರೆ ಬಹುಶಃ ಇಲ್ಲಿಗೆ ಬರ್ತಿರ್ಲಿಲ್ಲ" ಎಂದರು. ಮಗಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿ ಇತ್ತು.

ಮಾರ್ಚ್ ೨೨, ಶುಕ್ರವಾರ

ಮನೆಗೆ ಬಂದೆವು. ಬಡಗಿ ಕುರ್ಚಿಗೆ ಎರಡು ಕೋಲು ಕಟ್ಟಿ, ಅವಳನ್ನು ಕೂರಿಸಿ, ತನ್ನ ಕೆಲಸದ ಹುಡುಗನ ಜೊತೆ ಮಹಡಿಗೆ ಹೊತ್ತು ತಂದ. "ರಾಣಿ ಥರ ಇದೀನಿ" ಎಂದಳು.

ದೂರಿಗೆ ಉತ್ತರ ಬಂದು ಬಿದ್ದಿತ್ತು. "ನಿಮ್ಮ ತಪಾಸಣೆ ತೃಪ್ತಿಕರವಾಗಿ ನಡೆದಿದ್ದು, ಎಲ್ಲ ವರದಿಗಳು ಸಾಮಾನ್ಯವಾಗಿವೆ. ನಿಮಗೆ ಆರೋಗ್ಯ ಹಾರೈಸುತ್ತೇವೆ." ನನ್ನ ಹೆಸರಿಗೆ, ನನ್ನ ಹೃದಯದ ಬಗ್ಗೆ. ದೂರನ್ನು ಓದದೆ ಉತ್ತರ ಬರೆದಿದ್ದಾರೆ ಎಂದು ಕುದಿದೆ. ಮಗಳು ನನ್ನ ದೂರಿನ ಪ್ರತಿ ತೆಗೆದು ಓದಿದಳು.

"ಅಪ್ಪಾ, ಇದರಲ್ಲಿ ಅಮ್ಮನಿಗೆ ಏನಾಗ್ತಿದೆ ಅಂತ ಎಲ್ಲಿದೆ?"

ಮೂರನೆಯ ಭಾಗದಲ್ಲಿ ಇರಬೇಕು ಎಂದೆ. ಹುಡುಕಿದೆವು.

ಮಾರ್ಚ್ ೨೬, ಮಂಗಳವಾರ

ಅವಳಿಗೆ ಆದದ್ದು ಕಿವಿಗೆ ಬಿದ್ದಿರಬೇಕು, ಸೂಪರಿಂಟೆಂಡೆಂಟರು ಫೋನು ಮಾಡಿದ್ದರು. ದನಿಯಲ್ಲಿ ಬೆಣ್ಣೆ. "ನೀವು ತಿಳಿದವರು ಸಾರ್. ಆಫೀಸಿಗೆ ಬನ್ನಿ, ಒಂದು ಟೀ ಕುಡಿದು ಮನೆಯವರ ಹಾಗೆ ಮಾತಾಡೋಣ. ಪೇಪರಿಗೆಲ್ಲ ಯಾಕೆ." ಹಿಂದೆ ಸೇತುವೆಯ ವಿಷಯದಲ್ಲೂ ಹೀಗೇ ಒಬ್ಬರು ಕರೆದಿದ್ದರು. ಅವತ್ತು ಟೀ ಕುಡಿದಿದ್ದೆ, ಚೆನ್ನಾಗಿಯೇ ಇತ್ತು. ಇಂದು, "ಅವಳನ್ನು ಕೇಳಿ ಹೇಳ್ತೀನಿ" ಎಂದೆ.

ಕೇಳಿದೆ. "ಟೀ ಯಾರಿಗಂತೆ?" ಎಂದಳು.

ನನಗೆ ಎಂದೆ.

"ಹಾಗಾದ್ರೆ ಬೇಡ. ತಿಂಗಳಿಗೊಂದ್ಸಲ ಜನ ಸೇರಿಸಿ ಅಹವಾಲು ಕೇಳ್ತಾರಲ್ಲ ಆಸ್ಪತ್ರೆ ಸಭಾಂಗಣದಲ್ಲಿ, ಅಲ್ಲಿಗೆ ಹೋಗೋಣ."

ನಾನು ಭಾಷಣ ಬರೆಯಲು ಕೂತೆ.

ಏಪ್ರಿಲ್ ೪, ಗುರುವಾರ

ಭಾಷಣ ಓದಿ ತೋರಿಸಿದೆ. ಆಸ್ಪತ್ರೆಯ ಶಂಕುಸ್ಥಾಪನೆಯಿಂದ ಶುರುವಾಗುತ್ತದೆ. ಸ್ವಲ್ಪ ಹೊತ್ತು ಕೇಳಿದಳು. "ಚೆನ್ನಾಗಿದೆ. ನಾನು ಯಾವ ಪುಟದಲ್ಲಿ ಬರ್ತೀನಿ?"

ಹರಿದು ಹಾಕಲು ಮನಸ್ಸಾಗಲಿಲ್ಲ. ಮಡಚಿ ಪುಸ್ತಕದ ಕೆಳಗೆ ಇಟ್ಟೆ. ಅವಳು ಹೇಳುತ್ತ ಹೋದಳು, ನಾನು ಬರೆದುಕೊಳ್ಳುತ್ತ ಹೋದೆ. ಎರಡು ಕಡೆ ವಾಕ್ಯ ತಿದ್ದಿದೆ. ಅವಳು ಒಂದನ್ನು ಒಪ್ಪಿದಳು.

ಏಪ್ರಿಲ್ ೬, ಶನಿವಾರ

ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಸೂಪರಿಂಟೆಂಡೆಂಟರು, ಪಕ್ಕದಲ್ಲಿ ಕನ್ನಡಕದ ಡಾಕ್ಟರು. ಪಾರ್ಕಿಂಗು, ಶೌಚಾಲಯ, ಲಿಫ್ಟು ಎಲ್ಲ ಮುಗಿದ ಮೇಲೆ ಮೈಕು ನಮ್ಮ ಸಾಲಿಗೆ ಬಂತು. ನನ್ನ ಕೈಗೇ ಕೊಟ್ಟರು. ಅವಳಿಗೆ ದಾಟಿಸಿದೆ. ಭಾರದ ಮೈಕು. ಕೆಳಗಿನಿಂದ ಒಂದು ಕೈ ಕೊಟ್ಟೆ.

ಬರೆದುಕೊಂಡು ಹೋದ ಕಾಗದವನ್ನು ಅವಳು ತೆಗೆಯಲೇ ಇಲ್ಲ. ಮಾರ್ಚ್ ನಾಲ್ಕರ ಸೋಮವಾರ ಬರಿಹೊಟ್ಟೆಯಲ್ಲಿ ಬಂದದ್ದು, ನೋವು ಹೇಳಲು ಹೊರಟದ್ದು, ಗ್ಯಾಸಿನ ಮಾತ್ರೆ ಸಿಕ್ಕಿದ್ದು, ಆಮೇಲೆ ವ್ಯಾನಿನಲ್ಲಿ ಬಂದದ್ದು, ಅಷ್ಟನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ನಡುವೆ ಒಮ್ಮೆ ಉಸಿರಿಗೆ ನಿಂತಳು. ಸಭೆ ಕಾಯಿತು.

ಸೂಪರಿಂಟೆಂಡೆಂಟರು ಮೈಕು ಎಳೆದುಕೊಂಡರು. "ಅಮ್ಮಾ, ನಮಗೂ ಬೇಜಾರಿದೆ. ಆದ್ರೆ ಅವತ್ತು ಮಾತೆಲ್ಲ ಆಡಿದ್ದು ನಿಮ್ಮ ಯಜಮಾನ್ರೇ. ನೀವು ಗಟ್ಟಿಯಾಗಿ ಹೇಳಿದ್ದಿದ್ರೆ..."

"ಅವರನ್ನ ನಾನು ಮನೇಲಿ ವಿಚಾರಿಸ್ಕೊಳ್ತೀನಿ" ಎಂದಳು. "ನಿಮ್ಮನ್ನ ಇಲ್ಲಿ ಕೇಳ್ತಿದೀನಿ."

ಜನ ನಕ್ಕರು. ನಾನೂ ನಕ್ಕೆ ಎಂದು ಮಗಳು ಆಮೇಲೆ ಹೇಳಿದಳು. ನಗು ನಿಂತ ಮೇಲೆ ಸೂಪರಿಂಟೆಂಡೆಂಟರು, ವಿವರಗಳನ್ನು ಪರಿಶೀಲಿಸಿ ಬರಹದಲ್ಲಿ ಮನೆಗೆ ಉತ್ತರ ಕಳಿಸುತ್ತೇವೆ ಎಂದರು.

"ಮನೆಗೆ ಬೇಡ. ನಿಮ್ಮ ಕಾಗದ ನಮ್ಮನೇಲಿ ಒಂದಿದೆ, ಅದರಲ್ಲಿ ನಮ್ಮನೆಯವರು ಆರೋಗ್ಯವಾಗಿದಾರೆ." ಅವಳು ಕನ್ನಡಕದ ಡಾಕ್ಟರ ಕಡೆ ತಿರುಗಿದಳು. ಅವರು ಮೇಜಿನ ಮೇಲಿನ ನೀರಿನ ಲೋಟವನ್ನು ನೋಡುತ್ತಿದ್ದರು. "ಬೆನ್ನು ನೋವು, ದವಡೆ ನೋವು, ಸುಸ್ತು ಅಂತ ನಿಮ್ಮ ಹತ್ರ ಬಂದ ಹೆಂಗಸರಿಗೆಲ್ಲ ಗ್ಯಾಸು, ಟೆನ್ಷನ್ನು ಅಂತ ಹೇಳಿ ಕಳ್ಸಿದ್ದೀರಿ. ನಾನೊಬ್ಬಳು ವಾಪಸ್ ಬಂದೆ. ಉಳಿದವರು ಏನಾದ್ರು? ಅವರಲ್ಲಿ ಎಷ್ಟು ಜನ ಈಗ ಇದಾರೆ, ಎಷ್ಟು ಜನ ಇಲ್ಲ? ನೋಡಿ ಹೇಳೋಕೆ ಹೊತ್ತು ಹಿಡಿದ್ರೆ ಹಿಡೀಲಿ. ಆದ್ರೆ ಇದೇ ಸಭೇಲಿ, ಇವರೆಲ್ಲರ ಎದುರಿಗೆ, ಮೈಕಿನಲ್ಲಿ ಹೇಳಿ."